ಎರಡು ಪ್ಲಾಸ್ಟಿಕ್ ಬಂಡೆ, ಬೇಕಾದಷ್ಟು ಹೊಗೆ

(ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಹೊತ್ತಾಯಿತೆಂದು ಹಾರಿಸಿದ್ದನ್ನು ಇಲ್ಲಿ ಸ್ವಲ್ಪ ಸೇರಿಸಿದ್ದೇನೆ. ತೋರಿಸಿದ ತುಣುಕುಗಳನ್ನು ಮಾತಿನಲ್ಲೇ ಹೇಳಿದ್ದೇನೆ.)

ಈಗ ನೋಡಿದಿರಲ್ಲ, ಅದು ಬೇರೊಂದು ಗ್ರಹ. ನೆಲದಿಂದ ಮಂಜು ಏಳುತ್ತಿದೆ. ಹಿಂದೆ ಕೆಂಪು, ನೇರಳೆ, ಹಸಿರು ಬೆಳಕು. ಕಣ್ಣು ಹೋಗುವಷ್ಟು ದೂರಕ್ಕೂ ಬಂಡೆಗಳು. ಕಪ್ಪು ಚರ್ಮದ ಉಡುಪು ತೊಟ್ಟ ಗಗನಯಾತ್ರಿಗಳು ಅದರ ಮಧ್ಯೆ ಹೆದರಿಕೊಂಡು ನಡೆಯುತ್ತಿದ್ದಾರೆ. 1965ರ ಇಟಾಲಿಯನ್ ಸಿನಿಮಾ, ಹೆಸರು 'ತೆರ್ರೋರೆ ನೆಲ್ಲೋ ಸ್ಪಾತ್ಸಿಯೊ', ಬಾಹ್ಯಾಕಾಶದಲ್ಲಿ ಭಯ ಅಂತ ಅರ್ಥ. ಸೆಟ್ಟಿನಲ್ಲಿ ಎಷ್ಟು ಬಂಡೆ ಇದ್ದಿರಬಹುದು ಅಂತ ಕೇಳಿದಾಗ ಹಿಂದಿನ ಸಾಲಿನವರೊಬ್ಬರು ಐವತ್ತು ಅಂದರು.

ಎರಡು. ನಿರ್ದೇಶಕ ಮಾರಿಯೊ ಬಾವಾ ಆಮೇಲೆ ತಾನೇ ಹೇಳಿಕೊಂಡಂತೆ ಎರಡೇ ಎರಡು, ಅದೂ ಪ್ಲಾಸ್ಟಿಕ್ಕಿನವು, ಸ್ಟುಡಿಯೋದಲ್ಲಿ ಯಾವುದೋ ಪುರಾಣದ ಸಿನಿಮಾಕ್ಕೆ ಮಾಡಿ ಬಿಟ್ಟುಹೋಗಿದ್ದವು. ಖಾಲಿ ಸೆಟ್ಟಿನಲ್ಲಿ ಅವನ್ನೇ ಅತ್ತಿತ್ತ ಸರಿಸಿ, ಕನ್ನಡಿ ಇಟ್ಟು, ಪುಟ್ಟ ಮಾದರಿಗಳನ್ನು ಜೋಡಿಸಿ, ಸೆಟ್ಟು ಖಾಲಿ ಇದೆ ಅನ್ನೋದು ಗೊತ್ತಾಗದ ಹಾಗೆ ಹೊಗೆ ತುಂಬಿಸಿದ. 1979ರ 'ಏಲಿಯನ್' ನೋಡಿದವರಿಗೆ ಈ ಸಿನಿಮಾದ ಒಂದು ಜಾಗ ಥಟ್ಟನೆ ಹೊಳೆಯುತ್ತದೆ. ಹಾಳುಬಿದ್ದ ಗಗನನೌಕೆ, ಅದರೊಳಗೆ ದೈತ್ಯಾಕಾರದ ಅಸ್ಥಿಪಂಜರ. ಅಲ್ಲಿ ಕೋಟಿಗಟ್ಟಲೆ ಸುರಿದು ಮಾಡಿದ್ದನ್ನು ಇಲ್ಲಿ 14 ವರ್ಷ ಮೊದಲೇ ಹೊಗೆಯಲ್ಲಿ ಮಾಡಿಯಾಗಿತ್ತು.

ಅರವತ್ತು ಎಪ್ಪತ್ತರ ದಶಕದ ಇಟಲಿಯ ಈ ಅಗ್ಗದ ಸಿನಿಮಾಗಳನ್ನು ಇವತ್ತು 'ಕಲ್ಟ್' ಅಂತ ತಲೆ ಮೇಲೆ ಹೊತ್ತು ತಿರುಗುವವರಿದ್ದಾರೆ, ಕಸ ಅಂತ ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ನನಗೆ ಎರಡೂ ಕಡೆಯವರ ಮೇಲೆ ಒಂದು ತಕರಾರಿದೆ. ಇಬ್ಬರೂ ಪರದೆ ಮೇಲೆ ಚೆಲ್ಲಿದ ರಕ್ತವನ್ನು ನೋಡುತ್ತಾರೆಯೇ ಹೊರತು ಅದನ್ನು ಕಲಸಿದ ಕೈಯನ್ನು ನೋಡುವುದಿಲ್ಲ. ಇವು ಕಸುಬುದಾರರ ಸಿನಿಮಾ. ನಾನು ಇವತ್ತು ಮಾತಾಡೋದು ಆ ಕಸುಬಿನ ಬಗ್ಗೆ, ಅದಕ್ಕೇ ಬಾವಾನ ಹೆಸರು ಪದೇ ಪದೇ ಬರುತ್ತದೆ. ಬೇಜಾರಾದರೆ ತಡೆದುಕೊಳ್ಳಿ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. 1955ರಲ್ಲಿ ಇಟಲಿಯಲ್ಲಿ 81 ಕೋಟಿಗೂ ಜಾಸ್ತಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. ಅಲ್ಲಿನ ಚಿತ್ರಮಂದಿರಗಳಲ್ಲಿ ಮೊದಲ, ಎರಡನೇ, ಮೂರನೇ ಪ್ರದರ್ಶನ ಅಂತ ದರ್ಜೆಗಳಿದ್ದವು. ದೊಡ್ಡ ಊರಿನ ಒಳ್ಳೆಯ ಥಿಯೇಟರಿನಲ್ಲಿ ಮೊದಲು, ಆಮೇಲೆ ಪೇಟೆಯ ಅಂಚಿನಲ್ಲಿ, ಕೊನೆಗೆ ರೀಲು ಸವೆದು ಗೀರು ಬಿದ್ದ ಮೇಲೆ ಹಳ್ಳಿಗಳಲ್ಲಿ, ದಕ್ಷಿಣದ ಬಡ ಊರುಗಳಲ್ಲಿ. ನಮ್ಮ ಟೆಂಟ್ ಟಾಕೀಸು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಮೂರನೇ ದರ್ಜೆಯ ಆ ಥಿಯೇಟರಿಗೆ ಬರುವವರು ಸಿನಿಮಾಕ್ಕಿಂತ ಸಂಜೆ ಕಳೆಯೋಕೆ ಬರುತ್ತಿದ್ದರು. ಅರ್ಧಕ್ಕೆ ಬರುವುದು, ಮಾತಾಡುವುದು, ಎದ್ದುಹೋಗಿ ಬೀಡಿ ಸೇದಿ ಬರುವುದು. ಅವರಿಗೆ ಕಥೆಯ ಎಳೆ ಮುಖ್ಯವಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಎಲ್ಲರ ಬಾಯಿ ಮುಚ್ಚಿಸಿ ಪರದೆ ಕಡೆ ತಿರುಗಿಸುವ ಏನಾದರೂ ಬೇಕು. ಒಂದು ಹೊಡೆದಾಟ, ಒಂದು ಕೊಲೆ, ಒಂದು ಬೆತ್ತಲೆ ಬೆನ್ನು. ಈ ಸಿನಿಮಾಗಳಲ್ಲಿ ಕಥೆ ಯಾಕೆ ಹೀಗೆ ಎಲ್ಲೆಲ್ಲೋ ಹರಿದುಹೋಗಿದೆ, ನಡುನಡುವೆ ಒಂದೊಂದು ದೃಶ್ಯ ಮಾತ್ರ ಯಾಕೆ ಕಣ್ಣು ಕೀಳಲು ಬಿಡುವುದಿಲ್ಲ ಅಂತ ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ. ಅವನ್ನು ಮೂರನೇ ದರ್ಜೆಯ ಬೆಂಚಿನ ಮೇಲೆ ಕೂತು ನೋಡಬೇಕಿತ್ತು, ನಾನು ಲ್ಯಾಪ್‌ಟಾಪ್ ಮುಂದೆ ಕೂತು ನೋಡುತ್ತಿದ್ದೆ.

ಒಂದು ಸಿನಿಮಾ ಗೆದ್ದರೆ ಅದೇ ಥರದವು ಸಾಲಾಗಿ ಬರುತ್ತಿದ್ದವು. ಇಟಲಿಯವರು ಇದಕ್ಕೆ 'ಫಿಲೋನೆ' ಅನ್ನುತ್ತಾರೆ. ಗಣಿಯಲ್ಲಿ ಬಂಡೆಯ ನಡುವೆ ಹರಿದುಹೋಗುವ ಅದಿರಿನ ಎಳೆಗೆ ಇರುವ ಮಾತು ಅದು. ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಚಾಂಪಿಯನ್ ರೀಫ್ ಅಂತ ಅಲ್ಲಿ ಊರಿಗೇ ಹೆಸರಿದೆ. ಎಳೆ ಸಿಕ್ಕಿತಾ, ಬರಿದಾಗುವ ತನಕ ಅಗೆಯುವುದು, ಬರಿದಾದ ಮೇಲೆ ಗುದ್ದಲಿ ಎತ್ತಿಕೊಂಡು ಮುಂದಿನ ಎಳೆ ಹುಡುಕುವುದು. ಮೊದಲ ದೊಡ್ಡ ಎಳೆ 1958ರ ಹರ್ಕ್ಯುಲಿಸ್. ಪಿಯೆತ್ರೊ ಫ್ರಾಂಚಿಶಿ ನಿರ್ದೇಶಕ, ಅಮೆರಿಕದ ದೇಹದಾರ್ಢ್ಯ ಪಟು ಸ್ಟೀವ್ ರೀವ್ಸ್ ನಾಯಕ, ಕ್ಯಾಮೆರಾ ನಮ್ಮ ಬಾವಾನದು. ಜೋಸೆಫ್ ಲೆವಿನ್ ಅನ್ನುವ ಅಮೆರಿಕನ್ ವ್ಯಾಪಾರಿ ಅಗ್ಗಕ್ಕೆ ಅಲ್ಲಿನ ಹಕ್ಕು ಕೊಂಡು, ಜಾಹೀರಾತಿಗೆ ಅದರ ಎಷ್ಟೋ ಪಟ್ಟು ಸುರಿದು ಗೆದ್ದುಬಿಟ್ಟ. ಶುರುವಾಯಿತು ನೋಡಿ, ಮೈಕಟ್ಟಿನ ವೀರರ ಸಾಲು. ಆ ಎಳೆ ಬತ್ತುವ ಹೊತ್ತಿಗೆ ಕೌಬಾಯ್‌ಗಳು ಬಂದರು, ಅವರ ಜತೆಗೇ ಗೂಢಚಾರರು, ಆಮೇಲೆ ಕರಿ ಕೈಗವಸಿನ ಕೊಲೆಗಾರರು, ಆಮೇಲೆ ಮೀಸೆ ಪೊಲೀಸರು, ಕಡೆಗೆ ನರಭಕ್ಷಕರು, ಜೋಂಬಿಗಳು.

ನಾಚಿಕೆ ಅನ್ನೋದು ಇರಲೇ ಇಲ್ಲ. ಜೇಮ್ಸ್ ಬಾಂಡ್ ಓಡುತ್ತಿದ್ದಾಗ 1967ರಲ್ಲಿ 'ಓಕೆ ಕಾನರಿ' ಅಂತ ಒಂದು ಬಂತು. ಶಾನ್ ಕಾನರಿ ಸಿಗಲ್ಲ, ಅವನ ತಮ್ಮ ನೀಲ್ ಕಾನರಿ ಸಿಕ್ಕ, ಅವನೇ ನಾಯಕ. ಬಾಂಡ್ ಸಿನಿಮಾದ ಬಾಸ್ ಮತ್ತು ಅವನ ಸೆಕ್ರೆಟರಿ ಪಾತ್ರ ಮಾಡುವ ನಟನಟಿಯರನ್ನೂ ಕರೆತಂದು ಅದೇ ಥರದ ಪಾತ್ರ ಕೊಟ್ಟರು! ನಗಬೇಡಿ, ಮರುವರ್ಷ 1968ರಲ್ಲಿ 'ಜೇಡರ ಬಲೆ'ಯಲ್ಲಿ ನಮ್ಮ ಅಣ್ಣಾವ್ರು ಸಿಐಡಿ 999 ಆಗಿ ಬಂದರು. ಬಾಂಡ್ ಗಾಳಿ ಎಲ್ಲ ಕಡೆಯೂ ಬೀಸಿತ್ತು. ನಮ್ಮವರು ಕಾನರಿಯ ತಮ್ಮನನ್ನು ಹುಡುಕಿಕೊಂಡು ಹೋಗಲಿಲ್ಲ, ಅಷ್ಟೇ.

ಕೌಬಾಯ್ ಸಿನಿಮಾಗಳ ಬಗ್ಗೆ ನಿಮಗೆಲ್ಲ ಗೊತ್ತು, ಅದಕ್ಕೆ ಜಾಸ್ತಿ ನಿಲ್ಲುವುದಿಲ್ಲ. ಸೆರ್ಜಿಯೊ ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದ. ಮರುಭೂಮಿ ಸ್ಪೇನಿನ ಅಲ್ಮೆರಿಯಾದ್ದು. ಕಥೆ ಜಪಾನಿನ ನಿರ್ದೇಶಕ ಕುರೊಸಾವಾನ 'ಯೋಜಿಂಬೊ'ದ್ದು. ಕೇಳದೆ ಎತ್ತಿಕೊಂಡಿದ್ದಕ್ಕೆ ಕೇಸಾಯಿತು, ಗಳಿಕೆಯಲ್ಲಿ ಶೇ. 15 ಪಾಲು ಕೊಟ್ಟು ರಾಜಿಯಾಯಿತು. ಅಮೆರಿಕದ್ದೇ ಅನ್ನಿಸಲಿ ಅಂತ ಅನೇಕರು ಹೆಸರು ಬದಲಿಸಿಕೊಂಡರು. ಲಿಯೋನೆ 'ಬಾಬ್ ರಾಬರ್ಟ್‌ಸನ್' ಆದ. ಇದರೊಳಗೊಂದು ಗುಟ್ಟಿದೆ. ಅವನ ಅಪ್ಪ ಮೂಕಿ ಕಾಲದ ನಿರ್ದೇಶಕ, ಅಪ್ಪನ ತೆರೆಯ ಹೆಸರು ರೊಬೆರ್ತೊ ರೊಬೆರ್ತಿ. ರೊಬೆರ್ತಿಯ ಮಗ, ಅದಕ್ಕೆ ರಾಬರ್ಟ್‌ಸನ್. ಸುಳ್ಳು ಹೆಸರಿನೊಳಗೆ ಅಪ್ಪನ ಹೆಸರನ್ನು ಹೀಗೆ ಮಡಚಿಟ್ಟಿದ್ದು ನನಗೆ ತುಂಬ ಇಷ್ಟ. ಆಮೇಲೆ 1966ರಲ್ಲಿ ಸೆರ್ಜಿಯೊ ಕೊರ್ಬುಚ್ಚಿಯ 'ಜಾಂಗೊ' ಬಂತು, ಶವಪೆಟ್ಟಿಗೆ ಎಳೆದುಕೊಂಡು ಕೆಸರಲ್ಲಿ ನಡೆದು ಬರುವ ಫ್ರಾಂಕೊ ನೀರೊ. ಅದು ಗೆದ್ದದ್ದೇ ತಡ, ಸಂಬಂಧವೇ ಇಲ್ಲದ ಡಜನ್‌ಗಟ್ಟಲೆ ಸಿನಿಮಾಗಳಿಗೆ ಜಾಂಗೊ ಅಂತ ಹೆಸರಿಟ್ಟರು.

ಇನ್ನು ಧ್ವನಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜನ ಈ ಸಿನಿಮಾಗಳನ್ನು ಮೊದಲು ಗೇಲಿ ಮಾಡುವುದೇ ಇದಕ್ಕೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಡಬ್ಬಿಂಗ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಬೇಕು-ಬೇಡ ಅನ್ನುವ ಹಳೆಯ ಜಗಳ. ಇಟಲಿಯಲ್ಲಿ ಸಂಗತಿಯೇ ಬೇರೆ. ಅಲ್ಲಿ ಶೂಟಿಂಗ್ ವೇಳೆ ಬಳಸುವ ಧ್ವನಿಯನ್ನೇ ಹಿಡಿಯುತ್ತಿರಲಿಲ್ಲ. ಇಟಾಲಿಯನ್ ಆವೃತ್ತಿಯೂ ಡಬ್ ಆದದ್ದೇ, ಎಷ್ಟೋ ಸಲ ಇಟಾಲಿಯನ್ ನಟನಿಗೂ ಇನ್ನೊಬ್ಬ ಇಟಾಲಿಯನ್ನನ ದನಿ. ಆ ಎರಡು ಬಂಡೆಯ ಸಿನಿಮಾದಲ್ಲಿ ನಾಯಕ ಅಮೆರಿಕದವನು, ನಾಯಕಿ ಬ್ರೆಜಿಲ್‌ನವಳು, ಇನ್ನೊಬ್ಬ ಸ್ಪೇನಿನವನು, ಉಳಿದವರಲ್ಲಿ ಹೆಚ್ಚಿನವರು ಇಟಲಿಯವರು. ಅವರವರ ಭಾಷೆಯಲ್ಲಿ ಅವರವರು ಮಾತಾಡಿದರು. ಎದುರಿಗಿದ್ದವನು ಏನು ಹೇಳಿದ ಅಂತ ಗೊತ್ತಾಗದೆ, ಅವನು ಬಾಯಿ ಮುಚ್ಚಿದ ಅಂದ ಮೇಲೆ ತನ್ನ ಸರದಿ ಅಂತ ಶುರುಮಾಡುವುದು. ಸ್ಪೇನು, ಫ್ರಾನ್ಸಿನ ಜತೆ ಪಾಲುದಾರಿಕೆಯಲ್ಲಿ ಸಿನಿಮಾ ಮಾಡಿದರೆ ಎರಡೂ ಸರ್ಕಾರಗಳ ಸವಲತ್ತು ಸಿಗುತ್ತಿತ್ತು, ಹಾಗಾಗಿ ಎಲ್ಲ ದೇಶದ ಒಬ್ಬೊಬ್ಬರು ಇರಲೇಬೇಕು.

ಈ ಕೊರತೆಯಿಂದಲೇ ಒಂದು ಅದ್ಭುತ ಹುಟ್ಟಿತು. ಸೆಟ್ಟಿನಲ್ಲಿ ಮೈಕಿಗೆ ಹೆದರಬೇಕಿಲ್ಲ ಅಂದ ಮೇಲೆ ಅಲ್ಲಿ ಹಾಡು ಹಾಕಬಹುದು, ಅಲ್ವಾ? 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಸಿನಿಮಾಕ್ಕೆ ಎನ್ನಿಯೊ ಮೊರಿಕೋನೆ ಶೂಟಿಂಗಿಗೆ ಮುಂಚೆಯೇ ಸಂಗೀತ ಮಾಡಿಕೊಟ್ಟ. ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿ, ಆ ಲಯಕ್ಕೆ ನಟರನ್ನು ನಡೆಸಿದ, ಕ್ಯಾಮೆರಾ ಏರಿಸಿದ. ರೈಲ್ವೆ ಸ್ಟೇಷನ್ನಿನ ಮಾಡಿನ ಮೇಲಕ್ಕೆ ಕ್ಯಾಮೆರಾ ಏರುತ್ತಾ ಊರು ತೆರೆದುಕೊಳ್ಳುವ ಆ ಶಾಟ್ ಸಂಗೀತದ ಜತೆಗೇ ಉಸಿರು ತೆಗೆದುಕೊಳ್ಳುತ್ತದೆ. ಸೆಟ್ಟಿನಲ್ಲೇ ಧ್ವನಿ ಹಿಡಿಯುವ ಶ್ರೀಮಂತ ದೇಶದವರು ಹಾಗೆ ಮಾಡುವುದು ಕಷ್ಟವಿತ್ತು.

ಸರಿ, ಬಾವಾ. 1914ರಲ್ಲಿ ಸಾನ್‌ರೆಮೊದಲ್ಲಿ ಹುಟ್ಟಿದವನು. ಅಪ್ಪ ಯುಜೆನಿಯೊ ಮೂಕಿ ಕಾಲದ ಕ್ಯಾಮೆರಾಮನ್, ಶಿಲ್ಪ ಬಲ್ಲವನು, ಟ್ರಿಕ್ ದೃಶ್ಯಗಳಲ್ಲಿ ಪಳಗಿದವನು. ಬಡಗಿಯ ಮಗ ಹತ್ಯಾರದ ಮಧ್ಯೆ ಬೆಳೆಯುವ ಹಾಗೆ ಇವನು ಲೆನ್ಸು, ಗಾಜು, ಬಣ್ಣಗಳ ಮಧ್ಯೆ ಬೆಳೆದ. ವರ್ಷಗಟ್ಟಲೆ ಕ್ಯಾಮೆರಾ ಕೆಲಸ. ನಿರ್ದೇಶನ ಬಂದದ್ದು ಇನ್ನೊಬ್ಬರು ಬಿಟ್ಟುಹೋದದ್ದನ್ನು ಮುಗಿಸಿಕೊಡುತ್ತಾ. ರಿಕ್ಕಾರ್ದೊ ಫ್ರೆಡಾ ಅನ್ನುವವನು 1957ರ 'ಇ ವಾಂಪಿರಿ' ಸಿನಿಮಾವನ್ನು 12 ದಿನದಲ್ಲಿ ಮುಗಿಸುತ್ತೇನೆ ಅಂತ ಒಪ್ಪಿಕೊಂಡು, ಹತ್ತು ದಿನವಾದ ಮೇಲೆ ನಿರ್ಮಾಪಕರ ಜತೆ ಜಗಳ ಮಾಡಿಕೊಂಡು ಎದ್ದುಹೋದ. ಕ್ಯಾಮೆರಾಮನ್ ಬಾವಾ ಉಳಿದದ್ದನ್ನು ಎರಡು ದಿನದಲ್ಲಿ ಮುಗಿಸಿದ.

ಆ ಸಿನಿಮಾದಲ್ಲಿ ಸುಂದರಿಯೊಬ್ಬಳು ನಾವು ನೋಡನೋಡುತ್ತಿದ್ದಂತೆ ಮುದುಕಿಯಾಗುತ್ತಾಳೆ. ಕಟ್ ಇಲ್ಲ, ಮುಖದ ಮೇಲೆ ಮುಖ ಕರಗಿಸುವ ಆಟವೂ ಇಲ್ಲ. ಒಂದೇ ಶಾಟ್. ಇದರ ಗುಟ್ಟು ಕೇಳಿ. ಫಿಲ್ಮು ಕಪ್ಪುಬಿಳುಪು. ನಟಿಯ ಮುಖದ ಮೇಲೆ ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಮೇಲೆ ಕೆಂಪು ದೀಪ ಹಾಕಿದರೆ ಆ ಗೆರೆಗಳು ಚರ್ಮದ ಜತೆ ಬೆರೆತು ಮಾಯ. ಮೆಲ್ಲಗೆ ಕೆಂಪು ದೀಪ ಇಳಿಸುತ್ತಾ ಹಸಿರೋ ನೀಲಿಯೋ ಏರಿಸಿದರೆ ಕೆಂಪು ಗೆರೆಗಳೆಲ್ಲ ಕಪ್ಪಾಗಿ ಎದ್ದುಬರುತ್ತವೆ. ಇದನ್ನು ಕಂಡುಹಿಡಿದವನು ಬಾವಾ ಅಲ್ಲ, ಹಾಲಿವುಡ್‌ನಲ್ಲಿ ಮೂವತ್ತರ ದಶಕದಲ್ಲೇ ಮಾಡಿದ್ದರು. ಆದರೆ ಎರಡು ದಿನದಲ್ಲಿ ಸಿನಿಮಾ ಮುಗಿಸಬೇಕಾದಾಗ ನೆನಪಿಗೆ ಬರಬೇಕಲ್ಲ. ನಾನು ಮನೆಯಲ್ಲಿ ಕೆಂಪು ಸ್ಕೆಚ್ ಪೆನ್ನು, ಕೆಂಪು ಸೆಲ್ಲೋಫೇನು, ಮೊಬೈಲ್ ಟಾರ್ಚು ಇಟ್ಟುಕೊಂಡು ನನ್ನ ಕೈ ಮೇಲೆ ಮಾಡಿ ನೋಡಿದೆ. ಸುಮಾರಾಗಿ ಬಂತು. ಮಗಳು ಮಾತ್ರ 'ಅಪ್ಪಂಗೆ ಕೆಲಸ ಇಲ್ಲ' ಅಂದುಬಿಟ್ಟಳು.

1960ರಲ್ಲಿ ಆತ ತನ್ನ ಹೆಸರಲ್ಲಿ ಮಾಡಿದ 'ದೆವ್ವದ ಮುಖವಾಡ' ಹೊರದೇಶಗಳಲ್ಲೂ ಓಡಿತು, ಬಾರ್ಬರಾ ಸ್ಟೀಲ್ ಅನ್ನುವ ಇಂಗ್ಲಿಷ್ ನಟಿಯ ಎರಡು ದೊಡ್ಡ ಕಣ್ಣು ಭಯಾನಕ ಸಿನಿಮಾದ ಗುರುತೇ ಆಯಿತು. ಆಮೇಲೆ ಬಣ್ಣಕ್ಕೆ ಬಂದ. 1964ರ 'ಸೇಯ್ ದೊನ್ನೆ ಪೆರ್ ಲಸ್ಸಾಸ್ಸಿನೊ', ಅಂದರೆ ಕೊಲೆಗಾರನಿಗೆ ಆರು ಹೆಂಗಸರು. ಫ್ಯಾಷನ್ ಅಂಗಡಿ, ಮುಖವೇ ಇಲ್ಲದಂತೆ ಬಟ್ಟೆ ಸುತ್ತಿಕೊಂಡ ಕೊಲೆಗಾರ, ಕಾರಣವೇ ಇಲ್ಲದೆ ಎಲ್ಲಿಂದಲೋ ಬೀಳುವ ಹಸಿರು, ಗುಲಾಬಿ ಬೆಳಕು. ಇಟಲಿಯಲ್ಲಿ ಸೋತಿತು. ಆದರೆ 'ಜಾಲ್ಲೊ' ಅಂತ ಕರೆಯುವ ಸಿನಿಮಾಗಳ ಅಚ್ಚು ಇದೇ. ಜಾಲ್ಲೊ ಅಂದರೆ ಹಳದಿ. ಮೊಂದದೋರಿ ಪ್ರಕಾಶನ 1929ರಿಂದ ಪತ್ತೇದಾರಿ ಪುಸ್ತಕಗಳನ್ನು ಹಳದಿ ರಟ್ಟಿನಲ್ಲಿ ತಂದಿತು, ಅಲ್ಲಿಂದ ಇಟಲಿಯಲ್ಲಿ ಕೊಲೆ-ರಹಸ್ಯದ ಕಥೆಗೆಲ್ಲ ಹಳದಿ ಅಂತಲೇ ಹೆಸರು. ಈ ಎಳೆಯಲ್ಲಿ ಚಿನ್ನ ಸಿಕ್ಕಿದ್ದು ಮಾತ್ರ ದಾರಿಯೊ ಅರ್ಜೆಂತೊಗೆ, 1970ರಲ್ಲಿ. ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಹುಡುಗ. ಮೊದಲ ಸಿನಿಮಾದ ಹೆಸರಲ್ಲಿ ಹಕ್ಕಿ, ಎರಡನೆಯದರಲ್ಲಿ ಬೆಕ್ಕು, ಮೂರನೆಯದರಲ್ಲಿ ನೊಣ. ಗೆದ್ದದ್ದು ಪ್ರಾಣಿಯಿಂದಲೇ ಇರಬೇಕು ಅಂತ ಉಳಿದವರು ಹಲ್ಲಿ, ಜೇಡ, ಉಡ ಎಲ್ಲವನ್ನೂ ಪೋಸ್ಟರಿಗೆ ಎಳೆದು ತಂದರು.

ಅರ್ಜೆಂತೊ ಬಗ್ಗೆ ಒಂದೇ ಒಂದು ಮಾತು, ಅದೂ ಕೈಕೆಲಸದ್ದು. 1977ರ 'ಸುಸ್ಪಿರಿಯಾ'ದಲ್ಲಿ ಬ್ಯಾಲೆ ಶಾಲೆಯ ಹುಡುಗಿಯರು ಚಿಕ್ಕ ಮಕ್ಕಳಾಗಿರಬೇಕು ಅಂತ ಅವನ ಆಸೆ. ಮಕ್ಕಳನ್ನು ಹಾಗೆ ಕೊಲ್ಲುವ ಸಿನಿಮಾ ನಡೆಯಲ್ಲ ಅಂತ ನಿರ್ಮಾಪಕರು ಒಪ್ಪಲಿಲ್ಲ, ದೊಡ್ಡವರನ್ನೇ ಹಾಕಿಕೊಂಡ. ಆದರೆ ಬಾಗಿಲ ಹಿಡಿಗಳನ್ನು ಅವರ ಮುಖದ ಎತ್ತರಕ್ಕೆ ಕೂರಿಸಿಬಿಟ್ಟ. ನೋಡುವಾಗ ಯಾರೂ ಗಮನಿಸುವುದಿಲ್ಲ, ಆದರೆ ಅವರು ಬಾಗಿಲು ತೆಗೆಯುವಾಗಲೆಲ್ಲ ಅಮ್ಮನ ಕೈ ಬಿಟ್ಟುಹೋದ ಮಗುವಿನ ಹಾಗೆ ಕಾಣುತ್ತಾರೆ.

ಇಲ್ಲಿಗೆ ಬರುವ ಹೊತ್ತಿಗೆ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ಕೇಳಿದರು: 'ಸಾರ್, ಬೆಳಕು, ಬಣ್ಣ ಎಲ್ಲ ಸರಿ. ಸಾಯೋದು ಯಾಕೆ ಯಾವಾಗಲೂ ಹೆಂಗಸರೇ?' ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಗಂಡಸರೂ ಸಾಯುತ್ತಾರೆ, ಆದರೆ ಅವರು ಬೇಗ ಸಾಯುತ್ತಾರೆ. ಹೆಂಗಸಿನ ಸಾವಿಗೆ ದೀಪ ಹಚ್ಚಿ, ಸಂಗೀತ ಹಾಕಿ, ಐದು ನಿಮಿಷ ಕೊಡುತ್ತಾರೆ. ಮೂರನೇ ದರ್ಜೆಯ ಗಂಡಸು ಪ್ರೇಕ್ಷಕನಿಗೆ ಬೇಕಾದದ್ದು ಅದು ಅಂತ ಲೆಕ್ಕ ಹಾಕಿದ್ದರು, ಲೆಕ್ಕ ತಪ್ಪಿರಲಿಲ್ಲ. ಕಸುಬು ಚೆನ್ನಾಗಿದೆ ಅನ್ನುವುದು ಇದಕ್ಕೆ ಸಮಜಾಯಿಷಿ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಕಸುಬು ಚೆನ್ನಾಗಿದ್ದಷ್ಟೂ ನನಗೆ ಮುಜುಗರ ಜಾಸ್ತಿ.

ಇನ್ನೂ ಕೆಟ್ಟದ್ದಿದೆ. 1962ರ 'ಮೊಂದೊ ಕಾನೆ' ಲೋಕದ ವಿಚಿತ್ರಗಳನ್ನೆಲ್ಲ ತೋರಿಸುತ್ತೇನೆ ಅಂತ ಹೊರಟ ಸಾಕ್ಷ್ಯಚಿತ್ರ, ಅರ್ಧ ನಿಜ ಅರ್ಧ ನಾಟಕ. ಅದರ ಹಾಡು ಆಸ್ಕರ್‌ಗೆ ನಾಮನಿರ್ದೇಶನವಾಯಿತು! ಆ ಬೀಜದಿಂದಲೇ ನರಭಕ್ಷಕರ ಸಿನಿಮಾಗಳು ಹುಟ್ಟಿದವು. 1980ರ 'ಕ್ಯಾನಿಬಲ್ ಹೋಲೋಕಾಸ್ಟ್' ಮಿಲಾನಿನಲ್ಲಿ ಜಪ್ತಿಯಾಯಿತು. ನಟರನ್ನು ನಿಜವಾಗಿಯೂ ಕೊಂದಿದ್ದಾರೆ ಅನ್ನುವ ಗುಮಾನಿ ಎದ್ದು, ಅವರು ಬದುಕಿದ್ದಾರೆ ಅಂತ ನಿರ್ದೇಶಕ ರುಜ್ಜೆರೊ ದೆಯೊದಾತೊ ತೋರಿಸಿಕೊಡಬೇಕಾಯಿತು. ಈ ಕಥೆಯನ್ನು ಅಭಿಮಾನಿಗಳು ಹೆಮ್ಮೆಯಿಂದ ಹೇಳುತ್ತಾರೆ. ನಟರನ್ನು ಕೊಂದಿರಲಿಲ್ಲ, ಸರಿ. ಪ್ರಾಣಿಗಳನ್ನು ಮಾತ್ರ ಕ್ಯಾಮೆರಾ ಮುಂದೆ ನಿಜವಾಗಿಯೇ ಕೊಂದಿದ್ದರು. ಅದರ ಬಗ್ಗೆ ನಾನು ಕಸುಬಿನ ಮಾತು ಆಡುವುದಿಲ್ಲ. ಅದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ: 1971ರಲ್ಲಿ ಲೂಚಿಯೊ ಫುಲ್ಚಿಯ ಒಂದು ಸಿನಿಮಾದಲ್ಲಿ ಹೊಟ್ಟೆ ಸೀಳಿದ ನಾಯಿಗಳು ಬರುತ್ತವೆ. ನಿಜವಾದ ನಾಯಿಗಳು ಅಂತ ಕೇಸು ಹಾಕಿದರು. ಅವನ್ನು ಮಾಡಿಕೊಟ್ಟಿದ್ದ ಕಾರ್ಲೊ ರಂಬಾಲ್ದಿ ಕೋರ್ಟಿಗೆ ಹೋಗಿ ಗೊಂಬೆಗಳನ್ನು ತೋರಿಸಬೇಕಾಯಿತು. ಮುಂದೆ 'ಇ.ಟಿ.' ಸಿನಿಮಾದ ಆ ಮುದ್ದು ಜೀವಿಯನ್ನು ಮಾಡಿ ಆಸ್ಕರ್ ಗೆದ್ದವನು ಇದೇ ರಂಬಾಲ್ದಿ. ಒಂದೇ ಇಂಡಸ್ಟ್ರಿ, ಒಂದೇ ದಶಕ.

ಪೊಲೀಸ್ ಸಿನಿಮಾಗಳ ಬಗ್ಗೆ ಒಂದೆರಡು ಮಾತು ಸಾಕು. 1969ರ ಡಿಸೆಂಬರ್ 12ರಂದು ಮಿಲಾನಿನ ಪಿಯಾತ್ಸಾ ಫೊಂತಾನಾದ ಬ್ಯಾಂಕಿನಲ್ಲಿ ಬಾಂಬು ಸಿಡಿದು 17 ಜನ ಸತ್ತರು. ಅಲ್ಲಿಂದ ಹತ್ತಾರು ವರ್ಷ ಬಾಂಬು, ಅಪಹರಣ. ಬೀದಿಯ ಭಯ ತೆರೆಗೆ ಬಂತು. ಕಾನೂನು ಕೈಕಟ್ಟಿದೆ ಅಂತ ರೇಗಾಡುವ ಇನ್ಸ್‌ಪೆಕ್ಟರು, ಬೈಕಿನ ಮೇಲೆ ಬಂದು ಗುಂಡು ಹಾರಿಸುವವರು, ಕಾರು ಚೇಸು. ಫೆರ್ನಾಂದೊ ದಿ ಲಿಯೊನ 1972ರ 'ಮಿಲಾನೊ ಕಾಲಿಬ್ರೊ 9' ಒಂದನ್ನು ನೋಡಿದರೆ ಸಾಕು, ಉಳಿದವು ಅದರ ಚೂರುಗಳು.

ಬಾವಾನಿಗೆ ವಾಪಸ್ ಬರೋಣ. 1968ರಲ್ಲಿ ದೊಡ್ಡ ನಿರ್ಮಾಪಕ ದಿನೊ ದೆ ಲೌರೆಂತಿಸ್ 'ದಿಯಾಬೊಲಿಕ್' ಅನ್ನುವ ಕಳ್ಳನ ಸಿನಿಮಾ ಮಾಡಲು ಕೈತುಂಬ ದುಡ್ಡು ಕೊಟ್ಟ. ಬಾವಾನಿಗೆ ಖರ್ಚು ಮಾಡಲು ಬರಲೇ ಇಲ್ಲ. ಕಳ್ಳನ ಭೂಗತ ಅರಮನೆಯನ್ನು ಕಟ್ಟುವ ಬದಲು ಗಾಜಿನ ಮೇಲೆ ಚಿತ್ರ ಬರೆದು ಕ್ಯಾಮೆರಾ ಮುಂದೆ ಹಿಡಿದು, ದೊಡ್ಡ ಪಾಲು ಉಳಿಸಿಬಿಟ್ಟ. 1971ರ 'ರೆಯಾತ್ಸಿಯೊನೆ ಆ ಕಾತೆನಾ' ಹೊತ್ತಿಗೆ ಮತ್ತೆ ಬರಿಗೈ. ಕಥೆ ನಡೆಯುವುದು ಕಾಡಿನಲ್ಲಿ, ಶೂಟಿಂಗ್ ಜಾಗದಲ್ಲಿ ಮರಗಳೇ ಇಲ್ಲ. ಹೂವಿನ ಅಂಗಡಿಯಿಂದ ಸೊಪ್ಪಿನ ರೆಂಬೆ ತರಿಸಿ, ನಟಿ ನಡೆಯುವಾಗ ಕ್ಯಾಮೆರಾ ಮುಂದೆ ಆಡಿಸಿದರು. ಟ್ರಾಲಿ ತರಲು ದುಡ್ಡಿಲ್ಲ, ಮಕ್ಕಳ ಆಟದ ಗಾಡಿ ಮೇಲೆ ಕ್ಯಾಮೆರಾ ಕೂರಿಸಿ ಎಳೆದರು. ಅದರ ಎರಡು ಕೊಲೆಗಳು ಹತ್ತು ವರ್ಷದ ನಂತರ ಅಮೆರಿಕದ 'ಫ್ರೈಡೇ ದ ಥರ್ಟೀನ್ತ್' ಎರಡನೇ ಭಾಗದಲ್ಲಿ ಬಹುತೇಕ ಹಾಗೇ ಬಂದವು. ಅಮೆರಿಕವನ್ನು ನಕಲು ಮಾಡುತ್ತಾರೆ ಅಂತ ಬೈಸಿಕೊಂಡವರ ಮನೆಯಿಂದಲೇ ಅಮೆರಿಕದವರು ಕದ್ದರು.

ಎಳೆ ಅಗೆಯುವ ಈ ಪದ್ಧತಿ ಕಡೆಗೆ ಬಾವಾನನ್ನೂ ನುಂಗಿತು. 1973ರಲ್ಲಿ 'ಲೀಸಾ ಎ ಇಲ್ ದಿಯಾವೊಲೊ' ಅಂತ ಮಾಡಿದ. ನಿಧಾನದ, ಕನಸಿನಂಥ ಸಿನಿಮಾ, ಈ ಸಲ ಯಾರ ನಕಲೂ ಅಲ್ಲ. ಯಾರೂ ಕೊಳ್ಳಲಿಲ್ಲ. ಅಷ್ಟರಲ್ಲಿ ದೆವ್ವ ಬಿಡಿಸುವ ಕಥೆಯ ಅಮೆರಿಕನ್ ಸಿನಿಮಾ 'ದಿ ಎಕ್ಸಾರ್ಸಿಸ್ಟ್' ಲೋಕವನ್ನೇ ಅಲ್ಲಾಡಿಸಿತ್ತು. ನಿರ್ಮಾಪಕ ಆಲ್ಫ್ರೆದೊ ಲಿಯೋನೆ ಆ ಕನಸನ್ನು ಕತ್ತರಿಸಿ, ಪಾದ್ರಿ, ವಾಂತಿ, ಬೈಗುಳದ ಹೊಸ ದೃಶ್ಯ ತುರುಕಿ 1975ರಲ್ಲಿ 'ಹೌಸ್ ಆಫ್ ಎಕ್ಸಾರ್ಸಿಸಂ' ಅಂತ ಬಿಡುಗಡೆ ಮಾಡಿದ. 1974ರಲ್ಲಿ ಶೂಟ್ ಮಾಡಿದ 'ಕಾನಿ ಅರ್ರಾಬ್ಬಿಯಾತಿ' ಇನ್ನೂ ದುರದೃಷ್ಟದ್ದು. ಬಹುಪಾಲು ಒಂದು ಕಾರಿನೊಳಗೇ ನಡೆಯುವ ಬಿಗಿಯಾದ ಸಿನಿಮಾ. ನಿರ್ಮಾಪಕ ದಿವಾಳಿಯಾದ, ರೀಲುಗಳು ಜಪ್ತಿಯಾದವು, ಜನ ಅದನ್ನು ನೋಡಿದ್ದು ತೊಂಬತ್ತರ ದಶಕದಲ್ಲಿ.

ಇಡೀ ಗಣಿ ಮುಚ್ಚಿದ್ದು ಟಿವಿಯಿಂದ. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಸ್ಥಳೀಯ ಖಾಸಗಿ ಚಾನೆಲ್‌ಗಳಿಗೆ ಬಾಗಿಲು ತೆರೆಯಿತು. ಬೆಳಗಿನಿಂದ ರಾತ್ರಿವರೆಗೆ ಮನೆಯಲ್ಲೇ ಸಿನಿಮಾ. 1980ಕ್ಕೆ ವರ್ಷದ ಟಿಕೆಟ್ಟು ಸುಮಾರು 24 ಕೋಟಿಗೆ ಇಳಿಯಿತು. ಮೊದಲು ಸತ್ತದ್ದು ಮೂರನೇ ದರ್ಜೆಯ ಥಿಯೇಟರುಗಳು. ಕೆಲವರು ಟಿವಿಗೇ ಹೋದರು. ಕೌಬಾಯ್ ಸಿನಿಮಾ ಮಾಡುತ್ತಿದ್ದ ಸೆರ್ಜಿಯೊ ಸೊಲ್ಲಿಮಾ 1976ರಲ್ಲಿ ನಮ್ಮ ಕಬೀರ್ ಬೇಡಿಯನ್ನು ಹಾಕಿಕೊಂಡು 'ಸಂದೊಕಾನ್' ಧಾರಾವಾಹಿ ಮಾಡಿದ, ಬೇಡಿ ಇಟಲಿಯ ಮನೆಮನೆಯ ಮಾತಾದ.

ಕೊನೆಯ ತುಣುಕು ಹಾಕುತ್ತೇನೆ. 1980ರ 'ಇನ್ಫೆರ್ನೊ', ನಿರ್ದೇಶಕ ಅರ್ಜೆಂತೊ. ವಯಸ್ಸಾದ ಬಾವಾ ಅವನಿಗೆ ಟ್ರಿಕ್ ದೃಶ್ಯಗಳಲ್ಲಿ ನೆರವಾಗಲು ಬಂದಿದ್ದ. ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡ. ರಾತ್ರಿಯ ನ್ಯೂಯಾರ್ಕ್ ಕಾಣುತ್ತದಲ್ಲ, ಎತ್ತರದ ಕಟ್ಟಡಗಳು, ಕಿಟಕಿಗಳು? ಅದರಲ್ಲಿ ಕೆಲವು ಮೇಜಿನ ಮೇಲೆ ಜೋಡಿಸಿದ ಹಾಲಿನ ಡಬ್ಬಗಳು. ಮೇಲೆ ಕಟ್ಟಡಗಳ ಫೋಟೊ ಅಂಟಿಸಿದ್ದಾನೆ. ದೀಪ ಆರಿಸಿ. ಯಾವುದು ಡಬ್ಬ, ಯಾವುದು ಕಟ್ಟಡ, ನೋಡಿ ಹೇಳಿ.